ಜಪಾನಿನ ದಾರದ ಹೆಣಿಗೆ

ದೇವರ ಮನೆಯಲ್ಲಿ ಬತ್ತಿ ಹೊಸೆಯುವುದನ್ನು ನೀವು ನೋಡಿಯೇ ಇದ್ದೀರಿ. ಹತ್ತಿಯ ಎಳೆಯನ್ನು ಅಂಗೈಗಳ ನಡುವೆ ಇಟ್ಟು ಒಂದೇ ಕಡೆಗೆ ಉಜ್ಜಿದರೆ ಅದು ಮುರಿಗೊಂಡು ಬಿಗಿಯಾಗುತ್ತದೆ. ಬಾವಿಯ ಹಗ್ಗವನ್ನು ಹುರಿ ಮಾಡುವುದೂ ಇದೇ ಕೆಲಸವೇ, ಪ್ರಮಾಣ ಮಾತ್ರ ದೊಡ್ಡದು. ಆದರೆ ಹೊಸೆದ ಹಗ್ಗದ ತುದಿಯ ಗಂಟನ್ನು ಬಿಚ್ಚಿ ನೋಡಿ: ಹುರಿ ತಾನಾಗಿಯೇ ಸಡಿಲಿ, ಎಳೆಗಳು ಒಂದರಿಂದೊಂದು ದೂರವಾಗುತ್ತವೆ. ಅದೇ ಮನೆಯಲ್ಲಿ ತಾಯಿ ಮಗಳ ತಲೆ ಬಾಚಿ ಜಡೆ ಹಾಕುತ್ತಾಳೆ. ಅಲ್ಲಿ ಮುರಿ ಎಂಬುದೇ ಇಲ್ಲ. ಒಂದು ಎಳೆ ಪಕ್ಕದ ಎಳೆಯ ಮೇಲೆ ಹಾಯುತ್ತದೆ, ಮುಂದಿನದರ ಕೆಳಗೆ ಇಳಿಯುತ್ತದೆ. ಒಂದನ್ನೊಂದು ಒತ್ತಿ ಹಿಡಿಯುತ್ತದೆ. ಹೊಸೆಯುವುದು ಬೇರೆ, ಹೆಣೆಯುವುದು ಬೇರೆ. ಜಪಾನೀಯರು ‘ಕುಮಿಹಿಮೊ’ ಎಂದು ಕರೆಯುವುದು ಈ ಎರಡನೆಯ ಜಾತಿಯ ದಾರವನ್ನು. ‘ಕುಮಿ’ ಎಂದರೆ ಕೂಡಿಸಿದ್ದು, ಹೆಣೆದದ್ದು. ‘ಹಿಮೊ’ ಎಂದರೆ ದಾರ. ಹೆಸರಿನಲ್ಲಿ ಇದಕ್ಕಿಂತ ಹೆಚ್ಚಿನ ಗೂಢವೇನೂ ಇಲ್ಲ.

ನಮ್ಮಲ್ಲಿ ಇದನ್ನು ಕಂಡವರು ಸಾಮಾನ್ಯವಾಗಿ ‘ಅಲಂಕಾರದ ದಾರ’ ಎಂದು ಹೇಳುತ್ತಾರೆ. ಬಣ್ಣ ಬಣ್ಣದ ರೇಷ್ಮೆ, ಮೀನಿನ ಹುರುಪೆಯಂತೆ ಸಾಲುಗೊಂಡ ಮೇಲ್ಮೈ, ತುದಿಯಲ್ಲಿ ಕುಚ್ಚು. ಹಾಗೆ ತೋರುವುದು ಸಹಜವೇ. ಆದರೆ ಈ ದಾರದ ಚರಿತ್ರೆಯನ್ನು ಸ್ವಲ್ಪ ನೋಡಿದರೆ, ಬರಿಯ ಅಲಂಕಾರಕ್ಕಾಗಿ ಅದು ಇದ್ದ ಕಾಲ ಬಹಳ ಕಡಿಮೆಯೆಂದು ತಿಳಿಯುತ್ತದೆ. ಎಲ್ಲಿ ನೋಡಿದರೂ ಅದು ಏನನ್ನೋ ಹೊತ್ತಿದೆ, ಏನನ್ನೋ ಬಿಗಿದು ಹಿಡಿದಿದೆ. ಕಲಿಯಹೊರಟವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದನ್ನೇ. ಬಣ್ಣದ ಮಾತು ಆಮೇಲೆ.

ಕೊರಿಯಾ, ಚೀನಾಗಳ ಕಡೆಯಿಂದ ಬೌದ್ಧ ಧರ್ಮವು ಜಪಾನಿಗೆ ಹೋದ ಆರರಿಂದ ಎಂಟನೆಯ ಶತಮಾನಗಳ ಅವಧಿಯಲ್ಲಿ ಕುಶಲವಾದ ಹೆಣಿಗೆಗಳೂ ಅದರ ಜೊತೆಯಲ್ಲಿ ಹೋದುವು. ನಾರಾ ನಗರದ ತೋದಾಯ್‌ಜಿ ಮಹಾದೇವಾಲಯಕ್ಕೆ ಸೇರಿದ ಶೋಸೋಇನ್ ಎಂಬ ಮರದ ಭಂಡಾರವೊಂದಿದೆ. ಚಕ್ರವರ್ತಿ ಶೋಮು ತೀರಿಕೊಂಡ ಮೇಲೆ, ೭೫೬ರಲ್ಲಿ, ಆತನ ರಾಣಿ ಆತನ ಬಳಕೆಯ ವಸ್ತುಗಳನ್ನು ಅಲ್ಲಿನ ಮಹಾಬುದ್ಧನಿಗೆ ಅರ್ಪಿಸಿದಳು. ಆ ಭಂಡಾರದಲ್ಲಿ ಉಳಿದುಬಂದಿರುವ ವಸ್ತುಗಳ ನಡುವೆ ರೇಷ್ಮೆಯ ಹೆಣೆದ ದಾರಗಳೂ ಪಟ್ಟಿಗಳೂ ಇವೆ. ಸಾವಿರದ ಇನ್ನೂರು ವರ್ಷ ಮೀರಿದ ದಾರ ಎಂದರೆ ಸಾಮಾನ್ಯವೆ? ಇವುಗಳನ್ನು ಹೇಗೆ ಹೆಣೆದರು ಎಂಬ ಪ್ರಶ್ನೆಗೆ ಬಹುಕಾಲ ಎಲ್ಲರೂ ಇಂದಿನ ಪೀಠಗಳನ್ನೇ ತೋರಿಸುತ್ತಿದ್ದರು. ಮಸಾಕೊ ಕಿನೊಷಿತ ಎಂಬ ಸಂಶೋಧಕಿ, ಹಳೆಯ ಹೆಣಿಗೆಗಳಲ್ಲಿ ಅನೇಕವನ್ನು ಯಾವ ಪೀಠವೂ ಇಲ್ಲದೆ, ದಾರವನ್ನು ಕುಣಿಕೆ ಮಾಡಿ ಕೈಗಳಿಗೆ ತೊಡಿಸಿ, ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಹಾಯಿಸಿ ಹೆಣೆದಿರಬೇಕೆಂದು ಮಾಡಿ ತೋರಿಸಿದರು. ಪೀಠ, ಗುಂಡು ಮೊದಲಾದ ಸಲಕರಣೆಗಳು ಬಳಕೆಗೆ ಬಂದದ್ದು ಆಮೇಲಿನ ಮಾತು.

ಹೇಯಾನ್ ಕಾಲದ ಅರಮನೆಯವರು ಖಡ್ಗವನ್ನು ನಡುವಿಗೆ ತೂಗುಹಾಕಿ ಮುಂದೆ ಇಳಿಬಿಡುತ್ತಿದ್ದ ಅಗಲವಾದ ಪಟ್ಟಿ, ಸೂತ್ರಗ್ರಂಥಗಳ ಸುರುಳಿಗಳನ್ನು ಕಟ್ಟುವ ದಾರ, ಇವೆಲ್ಲ ಕುಮಿಹಿಮೊ. ಆದರೆ ಹೆಣಿಗೆಯ ಕಸುಬು ನಿಜವಾಗಿ ಬೆಳೆದದ್ದು ಯೋಧರ ಮೈಮೇಲೆ. ಹಿಂದಿನ ಜಪಾನೀ ಕವಚ ನಮ್ಮ ಚಿತ್ರಗಳಲ್ಲಿ ಕಾಣುವ ಒಂದೇ ತಗಡಿನ ಎದೆಗವಚದಂತಲ್ಲ. ಅರಗು ಬಳಿದ ಚರ್ಮ ಅಥವಾ ಕಬ್ಬಿಣದ ಬೆರಳಗಲದ ಬಿಲ್ಲೆಗಳನ್ನು ಸಾಲು ಸಾಲಾಗಿ ಜೋಡಿಸಿ, ಮೇಲಿನ ಸಾಲಿನಿಂದ ಕೆಳಗಿನ ಸಾಲನ್ನು ರೇಷ್ಮೆಯ ಹೆಣೆದ ಪಟ್ಟಿದಾರದಲ್ಲಿ ತೂಗುಹಾಕುತ್ತಿದ್ದರು. ಇಂಥ ಒಂದು ಕವಚಕ್ಕೆ ನೂರಾರು ಮೀಟರು ದಾರ ಬೇಕು. ಯೋಧನು ಬಾಗಿದರೆ ಸಾಲುಗಳು ಒಂದರೊಳಗೊಂದು ಸರಿದು ಮಡಿಸಿಕೊಳ್ಳುತ್ತವೆ, ನಿಂತರೆ ಇಳಿದು ಮೈ ಮುಚ್ಚುತ್ತವೆ. ಇಷ್ಟು ಕಬ್ಬಿಣವನ್ನು ಹಿಡಿದು ನಿಲ್ಲಿಸಿರುವುದು ಏನು? ದಾರ. ಹೊಸೆದ ಹುರಿಯಾಗಿದ್ದರೆ ಒಂದು ಕಡೆ ಕತ್ತರಿಸಿದೊಡನೆ ಅದು ಮುರಿ ಬಿಚ್ಚಿಕೊಂಡು ಸಡಿಲಾಗುತ್ತಿತ್ತು. ಚಪ್ಪಟೆಯಾದ ಹೆಣಿಗೆಯೋ ಹಿಡಿತವನ್ನು ಅಷ್ಟು ಬೇಗ ಬಿಡುವುದಿಲ್ಲ.

ಇದರಲ್ಲಿ ಕುಂದೂ ಇತ್ತು. ಮಳೆಗೆ ನೆನೆದ ರೇಷ್ಮೆ ನೀರು ಕುಡಿದು ಭಾರವಾಗುತ್ತದೆ, ಕೆಸರು ಹಿಡಿಯುತ್ತದೆ, ಬೇಗ ಒಣಗುವುದಿಲ್ಲ. ಮುಂದಿನ ಕಾಲದ ಕವಚಗಳಲ್ಲಿ ದಾರವನ್ನು ಒತ್ತೊತ್ತಾಗಿ ಹಾಕದೆ ದೂರ ದೂರಕ್ಕೆ ಜೋಡಿಯಾಗಿ ಹಾಕತೊಡಗಿದ್ದಕ್ಕೆ ಈ ಕಷ್ಟವೂ ಒಂದು ಕಾರಣ.

ಬಣ್ಣದ ವಿಚಾರದಲ್ಲಿ ಒಂದು ಸ್ವಾರಸ್ಯದ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತೋಕಿಯೋ ನಗರದ ಪಶ್ಚಿಮಕ್ಕೆ ಮಿತಾಕೆ ಬೆಟ್ಟದ ದೇವಾಲಯದಲ್ಲಿ ಕೆಂಪು ದಾರದ ಕವಚವೊಂದಿದೆ. ಹನ್ನೆರಡನೆಯ ಶತಮಾನದ ಕೊನೆಯಲ್ಲಿದ್ದ ಹತಾಕೆಯಾಮ ಷಿಗೆತದ ಎಂಬ ವೀರನು ಅದನ್ನು ದೇವರಿಗೆ ಒಪ್ಪಿಸಿದನೆಂದು ಪ್ರತೀತಿ. ಮೇಜಿ ಚಕ್ರವರ್ತಿಯ ಕಾಲದಲ್ಲಿ ಅದನ್ನು ದುರಸ್ತಿ ಮಾಡಿದಾಗ ಸವೆದುಹೋಗಿದ್ದ ಕಡೆಗಳಲ್ಲಿ ಹೊಸ ದಾರ ಹಾಕಿದರು. ಅದಕ್ಕೆ ಆಗ ಹೊಸದಾಗಿ ಬಂದಿದ್ದ ರಾಸಾಯನಿಕ ಬಣ್ಣ ಕೊಟ್ಟಿದ್ದರು. ಇಂದು ಹೋಗಿ ನೋಡಿದರೆ ಆ ಹೊಸ ದಾರ ಮಾಸಿ ಬಿಳಿಚಿಕೊಂಡಿದೆ. ಎಂಟುನೂರು ವರ್ಷದ ಹಳೆಯ ದಾರ ಇನ್ನೂ ಕೆಂಪಗಿದೆ. ಅದಕ್ಕೆ ಹಾಕಿದ್ದು ‘ಅಕಾನೆ’ ಎಂಬ ಬೇರಿನ ಬಣ್ಣ. ನಮ್ಮ ಮಂಜಿಷ್ಠದ ಒಡಹುಟ್ಟಿದ ಗಿಡ ಅದು.

ಯುದ್ಧಗಳು ನಿಂತು ಎದೋ ಕಾಲದ ಶಾಂತಿ ಬಂದ ಮೇಲೆ ಹೆಣಿಗೆಯವರು ಹೆಚ್ಚಾಗಿ ಖಡ್ಗದ ದಾರಗಳನ್ನು ಮಾಡಿದರು: ಹಿಡಿಗೆ ಸುತ್ತುವ ಪಟ್ಟಿ, ಒರೆಯನ್ನು ನಡುಕಟ್ಟಿಗೆ ಬಿಗಿಯುವ ದಾರ. ಇಂದಿಗೂ ತೋಕಿಯೋದಲ್ಲಿರುವ ದೋಮ್ಯೋ ಎಂಬ ಹೆಣಿಗೆಯ ಮನೆತನದ ಅಂಗಡಿ ೧೬೫೨ರಲ್ಲಿ ಹುಟ್ಟಿದ್ದು ಈ ಕಾಲದಲ್ಲಿಯೇ. ಎರಡು ಶತಮಾನಗಳ ಕಾಲ ಖಡ್ಗವಿದ್ದಷ್ಟು ದಿನ ಹೆಣಿಗೆಗೂ ಅನ್ನವಿತ್ತು. ೧೮೭೬ರಲ್ಲಿ ಸರ್ಕಾರವು, ಸೈನಿಕರು, ಪೊಲೀಸರು ಮೊದಲಾದವರನ್ನು ಬಿಟ್ಟು ಯಾರೂ ಖಡ್ಗ ಧರಿಸಕೂಡದೆಂದು ಆಜ್ಞೆ ಹೊರಡಿಸಿತು. ಒಂದು ಕಾಗದ, ಒಂದು ಮೊಹರು. ತಲೆತಲಾಂತರದಿಂದ ಬಂದ ಗಿರಾಕಿ ಇಲ್ಲವಾದ. ಆ ವರ್ಷ ಕತ್ತಿ ಮಾಡುವವನು, ಒರೆ ಮಾಡುವವನು, ದಾರ ಹೆಣೆಯುವವನು, ಮೂವರೂ ಬೀದಿಗೆ ಬರುವ ಹಾಗಾಯಿತು.

ಆಗ ಹೆಣಿಗೆಯನ್ನು ಉಳಿಸಿದ್ದು ಹೆಂಗಸರ ಉಡುಪು. ಕಿಮೋನೋ ಉಟ್ಟ ಮೇಲೆ ನಡುವಿಗೆ ‘ಒಬಿ’ ಎಂಬ ಅಗಲವಾದ ಪಟ್ಟೆಯನ್ನು ಸುತ್ತಿ ಬೆನ್ನ ಮೇಲೆ ಕಟ್ಟುತ್ತಾರಷ್ಟೆ. ಎದೋ ನಗರದ ಕಮೆಇದೊ ದೇವಾಲಯದ ಕೊಳದ ಮೇಲೆ ಮದ್ದಳೆಯ ಹಾಗೆ ಬಾಗಿದ ಸೇತುವೆಯೊಂದನ್ನು ೧೮೧೭ರಲ್ಲಿ ಹೊಸದಾಗಿ ಕಟ್ಟಿದಾಗ, ಆ ಸಂತೋಷಕ್ಕೆ ಅಲ್ಲಿನ ನರ್ತಕಿಯರು ಸೇತುವೆಯ ಆಕಾರದಲ್ಲಿ ಒಬಿಯನ್ನು ಕಟ್ಟಿಕೊಂಡರಂತೆ. ಆ ಕಟ್ಟು ಜನರಿಗೆ ಹಿಡಿಸಿತು, ಇಂದಿಗೂ ಬಳಕೆಯಲ್ಲಿದೆ. ಆದರೆ ಅದರಲ್ಲಿ ಒಬಿ ತನ್ನ ಗಂಟಿನಿಂದ ತಾನು ನಿಲ್ಲುವುದಿಲ್ಲ. ಮಡಿಕೆಯ ಒಳಗಿನಿಂದ ಒಂದು ದಾರವನ್ನು ತಂದು ಹೊಟ್ಟೆಯ ಮುಂದೆ ಬಿಗಿದು ಕಟ್ಟಬೇಕು. ಈ ದಾರಕ್ಕೆ ‘ಒಬಿಜಿಮೆ’ ಎಂದು ಹೆಸರು, ಉದ್ದ ಸುಮಾರು ಒಂದೂವರೆ ಮೀಟರು. ಖಡ್ಗದ ದಾರ ಹೆಣೆಯುತ್ತಿದ್ದ ಕೈಗಳು ಈ ಕಡೆಗೆ ತಿರುಗಿದುವು. ನೋಡುವವರಿಗೆ ಅದು ಚೆಲುವಿನ ಒಂದು ಗೆರೆ. ಉಟ್ಟವಳಿಗೆ ಮಾತ್ರ ಗೊತ್ತು, ಆ ದಾರ ಜಾರಿದರೆ ಬೆನ್ನ ಮೇಲಿನ ಕಟ್ಟೆಲ್ಲ ಕುಸಿಯುತ್ತದೆ ಎಂದು.

ಮಿಯೆ ಪ್ರಾಂತದ ಇಗಾ ಎಂಬ ಊರು ಈಗ ಈ ಕಸುಬಿಗೆ ಹೆಸರಾದ ಸ್ಥಳ. ೧೯೦೨ರಲ್ಲಿ ಹಿರೊಸಾವ ತೋಕುಸಾಬುರೋ ಎಂಬಾತ ತೋಕಿಯೋದಲ್ಲಿ ಹೆಣಿಗೆಯನ್ನು ಕಲಿತು ಬಂದು ಅಲ್ಲಿ ಕಾರ್ಯಾಗಾರ ತೆರೆದ. ಇಗಾದ ಹೆಣಿಗೆಗೂ ಕ್ಯೋತೋ ನಗರದ ಹೆಣಿಗೆಗೂ ೧೯೭೬ರಲ್ಲಿ, ಖಡ್ಗದ ಆಜ್ಞೆ ಹೊರಟು ಸರಿಯಾಗಿ ನೂರು ವರ್ಷಕ್ಕೆ, ಸಾಂಪ್ರದಾಯಿಕ ಕಸುಬೆಂದು ಜಪಾನ್ ಸರ್ಕಾರದ ಮನ್ನಣೆ ದೊರೆಯಿತು. ಆದರೆ ಮನ್ನಣೆ ಬಂದ ಮಾತ್ರಕ್ಕೆ ಗಿರಾಕಿ ಬರಬೇಕೆಂದಿಲ್ಲವಲ್ಲ. ದಿನನಿತ್ಯ ಕಿಮೋನೋ ಉಡುವವರು ಕಡಿಮೆಯಾದರು. ಯಂತ್ರದ ಹೆಣಿಗೆ ಅಗ್ಗಕ್ಕೆ ಸಿಗುತ್ತದೆ. ೨೦೧೬ರಲ್ಲಿ ಮಕೊತೊ ಷಿನ್‌ಕಾಯ್ ಅವರ ‘ಕಿಮಿ ನೊ ನಾ ವಾ’ ಎಂಬ ಚಲಿಸುವ ಚಿತ್ರಗಳ ಸಿನಿಮಾದಲ್ಲಿ ಅಜ್ಜಿಯೊಬ್ಬಳು ಮೊಮ್ಮಕ್ಕಳಿಗೆ ಹೆಣಿಗೆ ಕಲಿಸುವ ಸನ್ನಿವೇಶ ಬಂದ ಮೇಲೆ ಎಳೆಯರಲ್ಲಿ ಮತ್ತೆ ಆಸಕ್ತಿ ಕುದುರಿತು. ಇಗಾದಲ್ಲಿ ಬಂದವರಿಗೆ ಒಂದು ಚಿಕ್ಕ ದಾರವನ್ನು ತಾವೇ ಹೆಣೆದು ನೋಡಲು ಅವಕಾಶ ಮಾಡಿಕೊಡುವ ಕೇಂದ್ರವೂ ಇದೆ.

ಇನ್ನು ಕೆಲಸದ ಮಾತಿಗೆ ಬರೋಣ. ಕಣ್ಣಿನಿಂದ ಕಲಿಯಬೇಕಾದುದನ್ನು ಮಾತಿನಲ್ಲಿ ಹೇಳುವುದು ಸ್ವಲ್ಪ ತೊಡಕು. ಆದರೂ ಜಡೆ ಕೋಲಾಟವನ್ನು ನೋಡಿದವರಿಗೆ ಇದರ ಒಳಗುಟ್ಟು ಬೇಗ ಹೊಳೆದೀತು. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಹಿಡಿದು, ಕುಣಿಯುವವರು ಒಬ್ಬರ ಒಳಗೆ ಇನ್ನೊಬ್ಬರ ಹೊರಗೆ ಹಾಯುತ್ತ ಸುತ್ತಿದರೆ ಮೇಲೆ ಜಡೆ ಹೆಣೆದುಕೊಳ್ಳುತ್ತ ಬರುತ್ತದೆ. ಅದೇ ಹೆಜ್ಜೆಗಳನ್ನು ಹಿಂದಕ್ಕೆ ಹಾಕಿದರೆ ಬಿಚ್ಚಿಕೊಳ್ಳುತ್ತದೆ. ಕುಣಿಯುವವರ ಜಾಗದಲ್ಲಿ ಮರದ ಗುಂಡುಗಳಿವೆ, ಜಡೆ ಮೇಲಿನಿಂದ ಇಳಿಯುವ ಬದಲು ಒಂದು ತೂತಿನ ಮೂಲಕ ಕೆಳಕ್ಕೆ ಇಳಿಯುತ್ತದೆ ಎಂದು ಭಾವಿಸಿಕೊಳ್ಳಿ. ಅದೇ ‘ಮಾರುದಾಯ್’, ದುಂಡುಪೀಠ.

ಈ ಪೀಠದ ಮೇಲ್ಭಾಗ ಸುಮಾರು ೨೫ ಸೆಂಟಿಮೀಟರ್ ಅಗಲದ ದುಂಡು ಹಲಗೆ. ಅದನ್ನು ಜಪಾನೀಯರು ‘ಕನ್ನಡಿ’ ಎಂದೇ ಕರೆಯುತ್ತಾರೆ, ಅಷ್ಟು ನುಣುಪಾಗಿರಬೇಕು. ಒಂದು ಸಿಬಿರಿದ್ದರೂ ರೇಷ್ಮೆ ಸಿಕ್ಕಿಕೊಳ್ಳುತ್ತದೆ. ನಡುವೆ ತೂತು, ಕೆಳಗೆ ನಾಲ್ಕು ಕಾಲು, ಅಡಿಯಲ್ಲಿ ಮಣೆ. ಎಳೆಗಳ ಒಂದು ತುದಿಯನ್ನು ಒಟ್ಟಿಗೆ ಕಟ್ಟಿ ತೂತಿನಲ್ಲಿ ಇಳಿಬಿಡುತ್ತಾರೆ. ಪ್ರತಿಯೊಂದು ಎಳೆಯ ಇನ್ನೊಂದು ತುದಿಯನ್ನು ‘ತಾಮಾ’ ಎಂಬ ಭಾರದ ಗುಂಡಿಗೆ ಸುತ್ತಿ ಹಲಗೆಯ ಅಂಚಿನ ಹೊರಗೆ ತೂಗುಬಿಡುತ್ತಾರೆ. ಒಂದು ಗುಂಡು ೭೦ರಿಂದ ೧೦೦ ಗ್ರಾಂ ತೂಗಬಹುದು. ಎಳೆಯನ್ನು ಅದಕ್ಕೆ ಜಾರುಕುಣಿಕೆ ಹಾಕಿ ನಿಲ್ಲಿಸುವುದರಿಂದ ಬೇಕಾದಾಗ ಸ್ವಲ್ಪ ಸ್ವಲ್ಪವೇ ಬಿಡಬಹುದು. ಚಪ್ಪಟೆ ಪಟ್ಟಿಗಳಿಗೆ ‘ತಾಕಾದಾಯ್’ ಎಂಬ ಎತ್ತರದ ಪೀಠವಿದೆ. ಹೆಣೆಯುವವರು ಅದರೊಳಗೇ ಕುಳಿತು, ಮಗ್ಗದಲ್ಲಿ ಹೊಡೆಯುವಂತೆ ಬಿದಿರಿನ ಪಟ್ಟಿಯಿಂದ ಹೆಣಿಗೆಯನ್ನು ಹೊಡೆದು ಕೂರಿಸುತ್ತಾರೆ. ಅದು ಮೊದಲ ಪಾಠದ ವಿಷಯವಲ್ಲ.

ಗುಂಡುಗಳು ಎಳೆಗಳನ್ನು ಹೊರಕ್ಕೆ ಎಳೆಯುತ್ತವೆ. ಅವು ಮಾತ್ರ ಇದ್ದರೆ ಹೆಣಿಗೆಯ ಗಂಟು ಹಲಗೆಯ ಮೇಲೆ ಎದ್ದು ನಿಲ್ಲುತ್ತದೆ. ಆದ್ದರಿಂದ ತೂತಿನ ಕೆಳಗೆ, ಹೆಣೆದ ದಾರಕ್ಕೆ ಒಂದು ಚಿಕ್ಕ ಚೀಲ ಕಟ್ಟಿ ಅದರಲ್ಲಿ ಎದುರು ತೂಕ ಹಾಕುತ್ತಾರೆ. ಈ ತೂಕ ಎಷ್ಟಿರಬೇಕು? ಗುಂಡುಗಳ ಒಟ್ಟು ತೂಕದ ಸುಮಾರು ಅರ್ಧ. ೮೫ ಗ್ರಾಮಿನ ಎಂಟು ಗುಂಡುಗಳಾದರೆ ೬೮೦ ಗ್ರಾಂ, ಚೀಲದಲ್ಲಿ ೩೪೦. ಚೀಲವನ್ನು ಭಾರ ಮಾಡಿದರೆ ಹೆಣಿಗೆ ಬೇಗ ಬೇಗ ಕೆಳಗಿಳಿದು ದಾರ ಮೆತ್ತಗೆ, ಸಡಿಲವಾಗಿ ಬರುತ್ತದೆ. ಹಗುರ ಮಾಡಿದರೆ ಒತ್ತೊತ್ತಾಗಿ, ಗಡುಸಾಗಿ ಬರುತ್ತದೆ. ಕುತ್ತಿಗೆಗೆ ಹಾಕಿಕೊಳ್ಳುವ ದಾರವೊಂದು, ಒರೆಯನ್ನು ಬಿಗಿಯುವ ದಾರವೊಂದು; ಎಳೆಗಳು ಅವೇ, ಕೈಯ ನಡೆಯೂ ಅದೇ, ವ್ಯತ್ಯಾಸವೆಲ್ಲ ಚೀಲದಲ್ಲಿ.

ನನ್ನ ಅಭಿಪ್ರಾಯದಲ್ಲಿ ಇಡೀ ಕಲೆಯ ಜೀವ ಇಲ್ಲಿದೆ. ಎಳೆಯುವ ಕೆಲಸ ಭೂಮಿಯದು. ಕೈಯದು ಒಯ್ಯುವ ಕೆಲಸ ಮಾತ್ರ. ಗುಂಡನ್ನು ಮೆಲ್ಲಗೆ ಎತ್ತಿ, ಎದುರು ಬದಿಗೆ ಒಯ್ದು, ಇಳಿಬಿಟ್ಟರೆ ಆಯಿತು. ಹೊಸಬರ ಕೈ ಇದಕ್ಕೆ ಒಪ್ಪುವುದಿಲ್ಲ. ಪ್ರತಿಸಲವೂ ಒಂದು ಚೂರು ಜಗ್ಗಿ ಬಿಗಿ ಮಾಡಬೇಕೆಂದು ಅದಕ್ಕೆ ಆತುರ. ಬಲಗೈ ಎಡಗೈಗಿಂತ ಹೆಚ್ಚು ಜಗ್ಗುತ್ತದೆ, ಬೆಳಿಗ್ಗೆಗಿಂತ ಸಂಜೆ ಹೆಚ್ಚು ಜಗ್ಗುತ್ತದೆ. ದಾರ ಅದನ್ನೆಲ್ಲ ಮರೆಯದೆ ಬರೆದಿಡುತ್ತದೆ. ಒಂದು ಕಡೆ ಸಣ್ಣಗಾದ ಒಬಿಜಿಮೆ ಕಟ್ಟಿದಾಗ ಅಲ್ಲಿಯೇ ಜಾರುತ್ತದೆ.

ಮನೆಯಲ್ಲಿ ಪ್ರಾರಂಭಿಸುವವರಿಗೆ ಪೀಠ ಬೇಕಾಗಿಲ್ಲ. ದಪ್ಪ ರಟ್ಟಿನಿಂದ ಹದಿನೈದು ಸೆಂಟಿಮೀಟರ್ ಅಗಲದ ಬಿಲ್ಲೆಯೊಂದನ್ನು ಕತ್ತರಿಸಿ, ನಡುವೆ ಹೆಬ್ಬೆರಳು ತೂರುವಷ್ಟು ತೂತು ಮಾಡಿ. ಅಂಚಿನ ಸುತ್ತ ೩೨ ಸೀಳು ಬೇಕು. ಅಷ್ಟೇ ದೊಡ್ಡ ಕಾಗದದ ಬಿಲ್ಲೆಯನ್ನು ಐದು ಸಲ ಅರ್ಧ ಅರ್ಧವಾಗಿ ಮಡಿಸಿ ಬಿಚ್ಚಿದರೆ ೩೨ ಗೆರೆ ಸಿಗುತ್ತವೆ. ಅದನ್ನು ರಟ್ಟಿನ ಮೇಲಿಟ್ಟು ಗುರುತು ಮಾಡಿಕೊಂಡರೆ ಲೆಕ್ಕ ತಪ್ಪುವುದಿಲ್ಲ. ಸೀಳುಗಳು ಒಂದು ಸೆಂಟಿಮೀಟರ್ ಆಳವಿದ್ದು, ದಾರವನ್ನು ಕಚ್ಚಿ ಹಿಡಿಯುವಷ್ಟು ಇರುಕಾಗಿರಲಿ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನಾಲ್ಕು ಗುರುತು ಹಾಕಿ. ಮೊದಲ ಸಲ ರೇಷ್ಮೆಗೆ ಹೋಗಬೇಡಿ. ಅದು ಜಾರುತ್ತದೆ, ಕೈಯ ಒರಟಿಗೆ ಸಿಕ್ಕಿಕೊಳ್ಳುತ್ತದೆ. ದಪ್ಪ ಹತ್ತಿಯ ದಾರವೇ ಸಾಕು. ಒಂದೂವರೆ ಮೀಟರಿನ ನಾಲ್ಕು ದಾರ ತೆಗೆದುಕೊಂಡು, ನಡುವೆ ಒಟ್ಟಿಗೆ ಕಟ್ಟಿದರೆ ಎಂಟು ಎಳೆಗಳಾದುವು. ಹೆಣಿಗೆಯಲ್ಲಿ ಎಳೆ ಅತ್ತಿತ್ತ ಹಾಯುವುದರಿಂದ ಬೇಕಾದ ಉದ್ದದ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಇಟ್ಟುಕೊಳ್ಳಬೇಕು. ಇಷ್ಟರಲ್ಲಿ ಒಂದು ಗೇಣಿಗೆ ಮೀರಿದ ದಾರ ಬರುತ್ತದೆ.

ಗಂಟನ್ನು ತೂತಿನಲ್ಲಿ ಇಳಿಬಿಟ್ಟು, ಕೆಳಗಿನಿಂದ ನಾಣ್ಯಗಳ ಚಿಕ್ಕ ಗಂಟೊಂದನ್ನು ತೂಗುಹಾಕಿ. ನಾಲ್ಕು ಗುರುತುಗಳ ಬಳಿಯೂ ಅಕ್ಕಪಕ್ಕದ ಎರಡು ಸೀಳುಗಳಲ್ಲಿ ಎರಡೆರಡು ಎಳೆ ಸಿಕ್ಕಿಸಿ. ಈಗ ಮೇಲಿನ ಜೋಡಿಯಲ್ಲಿ ಬಲಗಡೆಯ ಎಳೆಯನ್ನು ಬಿಡಿಸಿ, ಕೆಳಕ್ಕೆ ತಂದು, ಕೆಳಗಿನ ಜೋಡಿಯ ಬಲಕ್ಕೆ ಸಿಕ್ಕಿಸಿ. ಅಲ್ಲಿ ಮೂರು ಎಳೆಗಳಾದುವು. ಅವುಗಳಲ್ಲಿ ಎಡತುದಿಯದನ್ನು ಮೇಲಕ್ಕೆ ಒಯ್ದು, ಮೇಲೆ ಉಳಿದಿರುವ ಎಳೆಯ ಎಡಕ್ಕೆ ಸಿಕ್ಕಿಸಿ. ಮತ್ತೆ ಎರಡು, ಎರಡು. ಬಿಲ್ಲೆಯನ್ನು ಕಾಲುಸುತ್ತು ತಿರುಗಿಸಿ. ಪಕ್ಕದಲ್ಲಿದ್ದ ಜೋಡಿಗಳು ಮೇಲೆ ಕೆಳಗೆ ಬಂದುವು. ಅದನ್ನೇ ಮಾಡಿ. ತಿರುಗಿಸುವುದು ಯಾವಾಗಲೂ ಒಂದೇ ದಿಕ್ಕಿಗೆ. ಸ್ವಲ್ಪ ಹೊತ್ತಿನಲ್ಲಿ ಜೋಡಿಗಳು ನೀವು ಹಾಕಿದ ಗುರುತಿನಿಂದ ಒಂದೊಂದೇ ಸೀಳು ಸರಿಯುತ್ತ ಹೋಗುವುದನ್ನು ಕಂಡು ಗಾಬರಿಯಾಗಬೇಡಿ. ಈ ಹೆಣಿಗೆಯ ರೀತಿಯೇ ಹಾಗೆ.

ಇದಕ್ಕೆ ‘ಕೊಂಗೊ’ ಹೆಣಿಗೆಯೆಂದು ಹೆಸರು. ಕೊಂಗೊ ಎಂದರೆ ಏನೆಂದುಕೊಂಡಿರಿ? ವಜ್ರ. ಇಂದ್ರನ ಕೈಯ ವಜ್ರ, ಬೌದ್ಧರ ವಜ್ರಯಾನದ ವಜ್ರ. ಆ ಸಂಸ್ಕೃತ ಶಬ್ದದ ಅರ್ಥವನ್ನು ಚೀನೀಯರು ತಮ್ಮ ಲಿಪಿಯಲ್ಲಿ ಬರೆದರು, ಅದನ್ನೇ ಜಪಾನೀಯರು ತಮ್ಮ ಉಚ್ಚಾರದಲ್ಲಿ ಓದಿದರು. ದೃಢವಾದ ದಾರಕ್ಕೆ ತಕ್ಕ ಹೆಸರೇ ಸರಿ. ಬಣ್ಣದ ಎಳೆಗಳನ್ನು ಮೊದಲು ಯಾವ ಯಾವ ಸೀಳಿನಲ್ಲಿ ಇಟ್ಟಿರಿ ಎಂಬುದರ ಮೇಲೆ ಚಿತ್ತಾರ ನಿಂತಿದೆ. ಕೈಯ ನಡೆ ಒಂದೇ ಆದರೂ ಜಾಗ ಬದಲಿಸಿದರೆ ಚಿತ್ತಾರವೂ ಬೇರೆಯಾಗುತ್ತದೆ.

ನಡುವೆ ಯಾರಾದರೂ ಕರೆದು ಎದ್ದು ಹೋಗಬೇಕಾದರೆ, ಜೋಡಿಗಳು ಸಮವಾಗಿರುವಾಗ ಬಿಟ್ಟು ಹೋಗಬೇಡಿ. ಎಲ್ಲಿ ನಿಲ್ಲಿಸಿದಿರೆಂದು ತಿರುಗಿ ಬಂದಾಗ ತಿಳಿಯದು. ಕೆಳಗೆ ಮೂರು ಎಳೆಗಳಿರುವ ಸ್ಥಿತಿಯಲ್ಲಿ ನಿಲ್ಲಿಸಿ ಏಳಿ. ತಪ್ಪಿದ್ದು ಕಂಡರೆ ಕೋಲಾಟದವರಂತೆ ಹಿಂದಿನ ಹೆಜ್ಜೆಗಳನ್ನೇ ಹಾಕುತ್ತ ತಪ್ಪಿನವರೆಗೆ ಬಿಚ್ಚಬೇಕು. ಮುಂದೆ ಸರಿಹೋದೀತೆಂದು ಬಿಟ್ಟರೆ ಸರಿಹೋಗುವುದಿಲ್ಲ.

ರಟ್ಟಿನ ಬಿಲ್ಲೆಯ ಗುಣವನ್ನು ಹೇಳಿದೆ, ಮಿತಿಯನ್ನೂ ಹೇಳಬೇಕು. ಅಲ್ಲಿ ಎಳೆಯನ್ನು ಹಿಡಿದಿರುವುದು ಸೀಳು, ತೂಕವಲ್ಲ. ಆದ್ದರಿಂದ ಬಿಗಿತ ಮತ್ತೆ ನಿಮ್ಮ ಕೈಯದೇ ಆಯಿತು. ನಡೆಯನ್ನು ಕಲಿಯಲು ಬಿಲ್ಲೆ ಒಳ್ಳೆಯದು. ಹದವನ್ನು ಅದು ಕಲಿಸಲಾರದು. ಎರಡು ಮೂರು ದಾರ ಹೆಣೆದು ನಡೆ ಬಾಯಿಪಾಠವಾದ ಮೇಲೆ ಬಡಗಿಯಿಂದ ಒಂದು ದುಂಡು ಹಲಗೆ ಮಾಡಿಸಿ, ನಡುವೆ ತೂತು ತೆಗೆಸಿ, ಅಂಚನ್ನು ಚೆನ್ನಾಗಿ ಉಜ್ಜಿಸಿಕೊಳ್ಳಿ. ಕಾಲುಗಳು ನೆಲದ ಮೇಲೆ ಕುಳಿತವರ ಎದೆಯ ಕೆಳಕ್ಕೆ ಬರುವಷ್ಟು ಎತ್ತರವಿದ್ದರಾಯಿತು. ಗುಂಡುಗಳು ದುಬಾರಿಯಾದರೆ, ಒಂದೇ ಅಳತೆಯ ಎಂಟು ಸಣ್ಣ ಸೀಸೆಗಳಲ್ಲಿ ಮರಳು ತುಂಬಿ ತಕ್ಕಡಿಯಲ್ಲಿ ಸಮ ಮಾಡಿಕೊಳ್ಳಬಹುದು.

ರೇಷ್ಮೆಗೆ ನಾವು ದೂರ ಹೋಗಬೇಕಾಗಿಲ್ಲ. ಈ ನಂಟು ಹಳೆಯದೂ ಹೌದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೆಮ್‌ಷೆಟ್‌ಜಿ ಟಾಟಾ ಅವರು ಜಪಾನಿನಿಂದ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಸಾಕಣೆಯ ತೋಟವನ್ನು ಮಾಡಿಸಿದರು. ಬಸವನಗುಡಿಯ ಬಳಿ ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಈಗಲೂ ಬಡಾವಣೆಯೊಂದಕ್ಕೆ ಉಳಿದಿದೆ. ೧೯೯೧ರಿಂದ ಜಪಾನಿನ ನೆರವಿನೊಡನೆ ನಮ್ಮ ರೈತರಿಗೆ ದ್ವಿತಳಿ ಗೂಡು ಬೆಳೆಯುವುದನ್ನು ಕಲಿಸುವ ಕೆಲಸವೂ ನಡೆಯಿತು. ಹೆಣಿಗೆಗೆ ಬೇಕಾದದ್ದು ಇಂಥ ಉದ್ದವಾದ, ಬಿಳಿಯ, ಏಕರೂಪದ ಎಳೆಯೇ. ಗೋಂದು ತೆಗೆದು, ಬಣ್ಣ ಕಟ್ಟಿದ ಅನೇಕ ನವುರಾದ ಎಳೆಗಳನ್ನು ಒಂದೇ ಗುಂಡಿಗೆ ಒಟ್ಟಾಗಿ ಸುತ್ತುತ್ತಾರೆ. ಒಟ್ಟಿಗೆ ಸುತ್ತುವಾಗ ಒಂದೆಳೆ ಸಡಿಲಾಗಿದ್ದರೂ ಹೆಣಿಗೆಯ ಮೇಲೆ ಅದು ನೊಣದ ರೆಕ್ಕೆಯಂತೆ ಎದ್ದು ಕಾಣುತ್ತದೆ. ಆದ್ದರಿಂದ ಹೆಣೆಯುವುದಕ್ಕಿಂತ ಎಳೆ ಸಿದ್ಧಮಾಡುವುದಕ್ಕೆ ಹೆಚ್ಚು ಹೊತ್ತು ಹಿಡಿದರೆ ಬೇಸರಪಡಬೇಡಿ.

ಬೇಕಾದಷ್ಟು ಉದ್ದ ಬಂದ ಮೇಲೆ ಎಳೆಗಳನ್ನು ಬಿಡಿಸುವ ಮೊದಲೇ ಹೆಣಿಗೆಯ ಕೊನೆಯನ್ನು ಬೇರೆ ದಾರದಿಂದ ಬಿಗಿಯಾಗಿ ಸುತ್ತಿ ಕಟ್ಟಿ. ಉಳಿದ ಎಳೆಗಳೇ ಕುಚ್ಚು. ಹೆಣೆದು ಬಿಡಿಸಿದ ಎಳೆಗಳು ಗುಂಗುರಾಗಿರುತ್ತವೆ. ಕುದಿಯುವ ನೀರಿನ ಹಬೆಯ ಮೇಲೆ ಸ್ವಲ್ಪ ಹೊತ್ತು ಹಿಡಿದು, ಬೆರಳಿನಿಂದ ನೀವಿ, ಕಾಗದದ ಪಟ್ಟಿಯಲ್ಲಿ ಸುತ್ತಿಟ್ಟರೆ ನೇರವಾಗುತ್ತವೆ. ದಾರವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಹಗುರವಾಗಿ ಹೊರಳಿಸಿದರೆ ದುಂಡಗೆ ಕೂರುತ್ತದೆ. ಕಾಗದ ಬಿಚ್ಚಿ, ಕುಚ್ಚಿನ ತುದಿಯನ್ನು ಹರಿತವಾದ ಕತ್ತರಿಯಿಂದ ಒಂದೇ ಸಲಕ್ಕೆ ಸಮ ಮಾಡಿ. ಎರಡು ಮೂರು ಸಲ ಕತ್ತರಿಸಹೊರಟರೆ ಪ್ರತಿಸಲವೂ ಓರೆಯಾಗಿ, ಕೊನೆಗೆ ಕುಚ್ಚೇ ಉಳಿಯುವುದಿಲ್ಲ.